ಪರರ ತಪ್ಪಿಗೆ ನಾವು ಹೊಣೆಯೆ?

ಕೋಲಾರದ ಚಿನ್ನದ ಗಣಿಗಳು ಬಿಟ್ಟುಹೋದ ಧೂಳಿನ ಗುಡ್ಡಗಳು ನಮ್ಮ ಮುಂದಿಡುವ ಪ್ರಶ್ನೆ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಬಂಗಾರಪೇಟೆಯು ಒಂದು ಮುಖ್ಯ ಜಂಕ್ಷನ್. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗನ ಹೆಸರಿನಿಂದ ಹಿಂದೆ ಇದನ್ನು ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದರು. ಇಲ್ಲಿಂದ ಕವಲೊಡೆಯುವ ಸುಮಾರು ೧೬ ಕಿಲೋಮೀಟರಿನ ಕಿರುದಾರಿಯೊಂದು ಊರಿಗಾಂ, ಚಾಂಪಿಯನ್ ಮೊದಲಾದ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಕೋಲಾರದ ಚಿನ್ನದ ಗಣಿಗಳಿಗಾಗಿಯೇ ೧೮೯೪ರಲ್ಲಿ ಹಾಕಿದ ದಾರಿಯಿದು. ಗಣಿಗಳು ಮುಚ್ಚಿದ ಮೇಲೂ ರೈಲು ನಿಂತಿಲ್ಲ. ಬೆಳಗಿನ ಜಾವದಲ್ಲಿ ಕೆಲಸಕ್ಕೆಂದು, ಕಾಲೇಜಿಗೆಂದು ಬೆಂಗಳೂರಿಗೆ ಹೊರಡುವ ಜನರಿಂದ ಅದು ಕಿಕ್ಕಿರಿದಿರುತ್ತದೆ.

ಈ ಊರಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುವು ಚಪ್ಪಟೆ ತಲೆಯ, ಗಿಡಮರಗಳಿಲ್ಲದ, ಮಾಸಲು ಬಣ್ಣದ ಗುಡ್ಡಗಳು. ಇವು ಪ್ರಕೃತಿ ನಿರ್ಮಿಸಿದ ಗುಡ್ಡಗಳಲ್ಲ. ಗಣಿಯಿಂದ ಎತ್ತಿದ ಕಲ್ಲನ್ನು ಹಿಟ್ಟುಮಾಡಿ, ಚಿನ್ನವನ್ನು ತೆಗೆದುಕೊಂಡು, ಉಳಿದುದನ್ನು ತಂದು ಸುರಿದ ರಾಶಿಗಳು. ಊರಿನವರು ಇವನ್ನು ಸಯನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಒಟ್ಟು ಹದಿಮೂರು ರಾಶಿಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಈ ಪುಡಿಯು ಎದ್ದು ಮನೆಗಳ ಮೇಲೆ, ಶಾಲೆಗಳ ಮೇಲೆ, ಅನ್ನದ ತಟ್ಟೆಯ ಮೇಲೆ ಇಳಿಯುತ್ತದೆ; ಮಳೆಗಾಲದಲ್ಲಿ ಕೊಚ್ಚಿಕೊಂಡು ಹಳ್ಳಗಳಿಗೂ ಹೊಲಗಳಿಗೂ ಸೇರುತ್ತದೆ.

"ಮಾಡಿದ್ದುಣ್ಣೋ ಮಹಾರಾಯ" ಎಂಬುದು ನಮ್ಮ ಗಾದೆ. ಆದರೆ ಇಲ್ಲಿ ಮಾಡಿದವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ರಾಶಿಯನ್ನು ಸುರಿದ ಕೈಗಳಲ್ಲಿ ಹೆಚ್ಚಿನವು ಇಂದು ಮಣ್ಣಾಗಿವೆ. ಧೂಳನ್ನು ಉಸಿರಾಡುವ ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ. ಹೀಗಿರುವಾಗ ಈ ದುರವಸ್ಥೆಗೆ ಇಂದಿನವರು ಹೊಣೆಗಾರರೆ? ತಾವು ಮಾಡದ ತಪ್ಪಿಗಾಗಿ ಅವರು ನೊಂದುಕೊಳ್ಳಬೇಕೆ? ಇದು ಕೇವಲ ಧರ್ಮಶಾಸ್ತ್ರದ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹೇಳಬೇಕಾದರೆ ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ಮನಶ್ಶಾಸ್ತ್ರ ಮೂರನ್ನೂ ಕೇಳಬೇಕಾಗುತ್ತದೆ.

ಗುಡ್ಡಗಳು ಬೆಳೆದ ಬಗೆ

ಈ ಪ್ರದೇಶದಲ್ಲಿ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ೧೮೦೨ರಲ್ಲಿ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ಕಂಡು ಬರೆದಿಟ್ಟನು. ೧೮೭೦ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬಾತನು ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕನ್ನು ಪಡೆದನು. ಆದರೆ ಕೆಲಸವು ದೊಡ್ಡ ಪ್ರಮಾಣದಲ್ಲಿ ನಡೆದುದು ೧೮೮೦ರಿಂದೀಚೆಗೆ, ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಬಂದ ಮೇಲೆ. ಗಣಿಗಳು ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋಗಿ ಕೊನೆಗೆ ಮೂರು ಕಿಲೋಮೀಟರನ್ನೂ ಮೀರಿದುವು.

ಚಿನ್ನವು ಸಾಮಾನ್ಯ ಆಮ್ಲಗಳು ಮುಟ್ಟಲಾರದ ಲೋಹ. ಆದರೆ ಗಾಳಿಯಲ್ಲಿರುವ ಆಮ್ಲಜನಕದ ನೆರವು ದೊರೆತರೆ ಅದು ಸಯನೈಡಿನ ತೆಳು ದ್ರಾವಣದಲ್ಲಿ ಕರಗುತ್ತದೆ. ಈ ಗುಣವನ್ನು ಬಳಸಿಕೊಂಡು ಅದಿರಿನಿಂದ ಚಿನ್ನವನ್ನು ಬೇರ್ಪಡಿಸುವ ವಿಧಾನವನ್ನು ೧೮೮೭ರಲ್ಲಿ ಗ್ಲಾಸ್ಗೋ ನಗರದ ಜಾನ್ ಸ್ಟುವರ್ಟ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ರೂಪಿಸಿದರು. ಕಲ್ಲನ್ನು ನುಣ್ಣಗೆ ಅರೆದಷ್ಟೂ ದ್ರಾವಣವು ಚಿನ್ನದ ಕಣಗಳನ್ನು ಚೆನ್ನಾಗಿ ತಲಪುತ್ತದೆ. ಕರಗಿದ ಚಿನ್ನವನ್ನು ಸತುವಿನಿಂದ ಮರಳಿ ಪಡೆಯುತ್ತಾರೆ. ಉಳಿಯುವುದು ಹಿಟ್ಟಿನಂಥ ಕಲ್ಲುಪುಡಿ.

ಈ ಪುಡಿಯ ಪ್ರಮಾಣವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಗಣಿಗಳ ಜೀವಮಾನದಲ್ಲಿ ದೊರೆತ ಚಿನ್ನ ಸುಮಾರು ೮೦೦ ಟನ್. ಅದಕ್ಕಾಗಿ ಅರೆದ ಅದಿರು ಐದು ಕೋಟಿ ಟನ್ನಿಗೂ ಮಿಗಿಲು. ಎಂದರೆ ಒಂದು ಟನ್ ಕಲ್ಲಿಗೆ ಸರಾಸರಿ ೧೬ ಗ್ರಾಮಿನಷ್ಟು ಚಿನ್ನ. ಈ ಲೆಕ್ಕದಲ್ಲಿ ೮ ಗ್ರಾಂ ತೂಕದ ಒಂದು ಸರವು ತನ್ನ ಹಿಂದೆ ಅರ್ಧ ಟನ್ ಕಲ್ಲುಪುಡಿಯನ್ನು ಬಿಟ್ಟು ಬಂದಿದೆ. ಸರವನ್ನು ತೊಟ್ಟವರ ಮನೆ ಒಂದು ಊರಿನಲ್ಲಿದ್ದರೆ, ಆ ಪುಡಿಯು ಇನ್ನೊಂದು ಊರಿನಲ್ಲಿ ಉಳಿಯಿತು.

ಧೂಳು ಮಾಡುವ ಕೆಡಕು

ಗುಡ್ಡಗಳಿಗೆ ಸಯನೈಡಿನ ಹೆಸರಿದ್ದರೂ ಇಂದಿನ ಅಪಾಯವೆಲ್ಲ ಅದರದೇ ಎಂದು ತಿಳಿಯಬಾರದು. ಬಿಡಿಯಾದ ಸಯನೈಡು ಬಿಸಿಲಿಗೂ ಗಾಳಿಗೂ ಸಿಕ್ಕಿ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಲೋಹಗಳೊಡನೆ ಬಿಗಿಯಾಗಿ ಕೂಡಿಕೊಂಡ ಭಾಗ ಮಾತ್ರ ಹೆಚ್ಚು ಕಾಲ ಉಳಿಯಬಲ್ಲದು. ಪುಡಿಯಲ್ಲಿ ಹೇರಳವಾಗಿರುವುದು ಬೆಣಚುಕಲ್ಲು, ಎಂದರೆ ಸ್ಫಟಿಕರೂಪದ ಸಿಲಿಕ. ಅದು ಒಡೆಯುವುದಿಲ್ಲ, ಕೊಳೆಯುವುದಿಲ್ಲ, ಕರಗುವುದೂ ಇಲ್ಲವೆನ್ನಬೇಕು.

ದಪ್ಪ ಕಣಗಳನ್ನು ಮೂಗು ಗಂಟಲುಗಳೇ ತಡೆಯುತ್ತವೆ. ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಭಾಗಕ್ಕಿಂತಲೂ ಚಿಕ್ಕದಾದ ಕಣವು ಶ್ವಾಸಕೋಶದ ತುದಿಯ ವಾಯುಕೋಶಗಳವರೆಗೆ ಇಳಿಯಬಲ್ಲದು. ಅಲ್ಲಿ ಕಾವಲಿರುವ ಭಕ್ಷಕ ಜೀವಕೋಶಗಳು ಅದನ್ನು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಬಿಡುಗಡೆಯಾದ ಕಣವನ್ನು ಮತ್ತೊಂದು ಕೋಶವು ನುಂಗುತ್ತದೆ. ಹೀಗೆ ನಡೆಯುತ್ತ ಹೋಗಿ ಆ ಜಾಗದಲ್ಲಿ ನಾರುಗಂಟುಗಳು ಬೆಳೆದು ಶ್ವಾಸಕೋಶವು ಗಡಸಾಗುತ್ತದೆ. ಇದೇ ಸಿಲಿಕೋಸಿಸ್ ಎಂಬ ರೋಗ. ಇದಕ್ಕೆ ಗುಣಪಡಿಸುವ ಮದ್ದು ಇಲ್ಲ. ರೋಗಿಗೆ ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಈ ರೋಗವನ್ನು ಕುರಿತ ಮೊದಮೊದಲ ದೊಡ್ಡ ವೈದ್ಯಕೀಯ ಸಮೀಕ್ಷೆಗಳಲ್ಲಿ ಒಂದು ನಡೆದುದು ಇದೇ ಗಣಿಗಳ ಕೆಲಸಗಾರರ ಮೇಲೆ, ೧೯೪೦ರ ದಶಕದಲ್ಲಿ. ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗದ ಗುರುತುಗಳು ಕಂಡುಬಂದುವು. ನೆಲದಡಿಯಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದವರು ಉಸಿರಾಡಿದ ಧೂಳಿಗೂ ಇಂದು ಗುಡ್ಡದಿಂದ ಹಾರುವ ಧೂಳಿಗೂ ಪ್ರಮಾಣದಲ್ಲಿ ಬಹಳ ಅಂತರವುಂಟು. ಆದರೆ ಎರಡೂ ಒಂದೇ ಕಲ್ಲಿನವು.

ಇದನ್ನು ಮಾಡಿದವರು ಯಾರು?

ಈಗ ತಪ್ಪಿತಸ್ಥರನ್ನು ಹುಡುಕೋಣ. ಮೊದಲು ನೆನಪಿಗೆ ಬರುವವರು ಇಂಗ್ಲೆಂಡಿನ ಕಂಪೆನಿ ಮತ್ತು ಅದರ ಷೇರುದಾರರು. ಲಾಭದ ಬಹುಪಾಲು ಸಮುದ್ರ ದಾಟಿತೆಂಬುದು ನಿಜ. ಆದರೆ ಸರಪಣಿಯು ಅಲ್ಲಿಗೆ ಮುಗಿಯುವುದಿಲ್ಲ.

ಮೈಸೂರು ಸಂಸ್ಥಾನವು ಚಿನ್ನದ ಮೇಲೆ ರಾಜಧನವನ್ನು ಪಡೆಯಿತು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು ೧೪೭ ಕಿಲೋಮೀಟರು ದೂರದ ಗಣಿಗಳಿಗೆ ತಂತಿಯ ಮೂಲಕ ಒಯ್ದರು. ಗಣಿಗಳೆಂಬ ದೊಡ್ಡ ಗಿರಾಕಿ ಇದ್ದುದರಿಂದಲೇ ಆ ಸಾಹಸವು ಸಾಧ್ಯವಾಯಿತು. ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಆ ದೀಪದ ಕೆಳಗೆ ಓದಿದ ಬಾಲಕನೂ ಗಣಿಯ ಫಲವನ್ನು ಸ್ವಲ್ಪ ಉಂಡವನೇ.

೧೯೫೬ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡು ಮೈಸೂರು ರಾಜ್ಯದ ಕೈಗೆ ಬಂದುವು. ೧೯೬೨ರಲ್ಲಿ ಕೇಂದ್ರಸರ್ಕಾರಕ್ಕೆ ವರ್ಗವಾದುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸರ್ಕಾರೀ ಸಂಸ್ಥೆ ಏರ್ಪಟ್ಟಿತು. ೨೦೦೧ರ ಫೆಬ್ರವರಿ ೨೮ರಂದು ಕೆಲಸ ನಿಂತಿತು. ಎಂದರೆ ಕೊನೆಯ ನಲವತ್ತನಾಲ್ಕು ವರ್ಷಗಳ ಕಾಲ ಒಡೆಯರು ಪರದೇಶದವರಲ್ಲ, ನಾವೇ ಆರಿಸಿದ ಸರ್ಕಾರಗಳು. ಪುಡಿಯನ್ನು ಕೈಯಾರೆ ಸಾಗಿಸಿದವರಾದರೋ ಕೂಲಿಕಾರರು. ಅವರಲ್ಲಿ ಬಹುಮಂದಿ ತಮಿಳುನಾಡು ಆಂಧ್ರಗಳ ಗಡಿಯ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಬಂದ, ಸಮಾಜವು ಕೆಳಗೆ ತಳ್ಳಿದ ಜಾತಿಗಳ ಜನ. ಅವರನ್ನು ತಪ್ಪಿತಸ್ಥರೆಂದರೆ "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂಬಂತಾಗುತ್ತದೆ.

ಹೀಗೆ ನೋಡಿದರೆ ಕಾರಣವೆಂಬುದು ಒಂದು ಗಂಟಲ್ಲ, ಉದ್ದವಾದ ಒಂದು ಹಗ್ಗ. ಅದರ ಎಳೆಗಳು ಹಲವು ಕೈಗಳಿಂದ ಬಂದಿವೆ. ಎಳೆಗಳು ಸಮವಾಗಿಲ್ಲವೆಂಬುದನ್ನೂ ಗಮನಿಸಬೇಕು. ಆಜ್ಞೆ ಕೊಟ್ಟವನ ಪಾಲು, ಲಾಭ ಪಡೆದವನ ಪಾಲು, ಬೇರೆ ದಾರಿಯಿಲ್ಲದೆ ದುಡಿದವನ ಪಾಲು ಒಂದೇ ಆಗಲಾರವು.

ತಪ್ಪಿಲ್ಲದ ಅಪರಾಧಭಾವ

ಇಷ್ಟು ತಿಳಿದ ಮೇಲೂ ಮನಸ್ಸು ಸುಮ್ಮನಿರುವುದಿಲ್ಲ. ಅಪರಾಧಭಾವವು ತರ್ಕದ ಅಪ್ಪಣೆಗೆ ಕಾಯುವ ಭಾವನೆಯಲ್ಲ. ಮನಶ್ಶಾಸ್ತ್ರಜ್ಞರು ಇದನ್ನು ನಾಚಿಕೆಯಿಂದ ಬೇರ್ಪಡಿಸಿ ನೋಡುತ್ತಾರೆ. "ನಾನು ಕೆಟ್ಟ ಕೆಲಸ ಮಾಡಿದೆ" ಎಂಬುದು ಅಪರಾಧಭಾವ. "ನಾನೇ ಕೆಟ್ಟವನು" ಎಂಬುದು ನಾಚಿಕೆ. ಅಮೆರಿಕದ ಜೂನ್ ಟ್ಯಾಂಗ್ನಿ ಮೊದಲಾದವರ ಸಂಶೋಧನೆಗಳ ಪ್ರಕಾರ, ಮೊದಲನೆಯದು ಸಾಮಾನ್ಯವಾಗಿ ಕೆಟ್ಟುದನ್ನು ಸರಿಪಡಿಸುವ ಕಡೆಗೆ ಮನುಷ್ಯನನ್ನು ನೂಕುತ್ತದೆ. ಎರಡನೆಯದು ಅಡಗಿಕೊಳ್ಳುವಂತೆ ಅಥವಾ ಸಿಡುಕುವಂತೆ ಮಾಡುತ್ತದೆ.

ಸರಿಪಡಿಸುವ ಈ ಪ್ರೇರಣೆ ಬಹು ಎಳೆಯ ವಯಸ್ಸಿನಲ್ಲೇ ಮೂಡುತ್ತದೆ. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೃಷಾ ವೈಶ್ ಮತ್ತು ಅವರ ಸಂಗಡಿಗರು ಎರಡು ಮೂರು ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ದೊಡ್ಡವರೊಬ್ಬರು ಕಟ್ಟಿದ ವಸ್ತು ಕೆಡುತ್ತಿತ್ತು. ಕೆಲವು ಸಲ ಅದು ಮಗುವಿನಿಂದಲೇ ಆದಂತೆ, ಕೆಲವು ಸಲ ಇನ್ನೊಬ್ಬರಿಂದ ಆದಂತೆ ಏರ್ಪಡಿಸಲಾಗಿತ್ತು. ಮೂರು ವರ್ಷದ ಮಕ್ಕಳು ತಮ್ಮಿಂದ ಕೆಟ್ಟಾಗ ಅದನ್ನು ಸರಿಮಾಡಲು ಹೆಚ್ಚು ಶ್ರಮಿಸಿದರು. "ನನ್ನಿಂದಾಯಿತು" ಮತ್ತು "ಆಯಿತು" ಎಂಬ ಭೇದವು ಅಷ್ಟು ಬೇಗನೆ ತಿಳಿಯುತ್ತದೆಂದಾಯಿತು.

ಆದರೆ ಬೆಳೆದ ಮನುಷ್ಯರಲ್ಲಿ ಈ ಭೇದವು ಅಷ್ಟು ಸರಳವಾಗಿ ಉಳಿಯುವುದಿಲ್ಲ. ೧೯೯೮ರಲ್ಲಿ ಬೆರ್ಟ್‌ಯಾನ್ ಡೋಶೆ ಮೊದಲಾದ ವಿದ್ವಾಂಸರು ಹಾಲೆಂಡಿನ ವಿದ್ಯಾರ್ಥಿಗಳಿಗೆ ತಮ್ಮ ದೇಶವು ಇಂಡೊನೇಷ್ಯವನ್ನು ಆಳಿದ ಚರಿತ್ರೆಯನ್ನು ಓದಿಸಿದರು. ಆ ವಿದ್ಯಾರ್ಥಿಗಳು ಯಾರನ್ನೂ ಆಳಿದವರಲ್ಲ. ಆದರೂ ಅವರಲ್ಲಿ ಅಪರಾಧಭಾವವು ಮೂಡಿತು. ಚರಿತ್ರೆಯ ಒಳಿತು ಕೆಡಕುಗಳೆರಡನ್ನೂ ಹೇಳಿದಾಗ, ದೇಶಾಭಿಮಾನವು ಬಲವಾಗಿದ್ದವರು ಒಳಿತನ್ನು ಹಿಡಿದುಕೊಂಡು ಸಮಾಧಾನಪಟ್ಟರು. ಅಷ್ಟಾಗಿ ಅಭಿಮಾನವಿಲ್ಲದವರು ಹೆಚ್ಚು ನೊಂದರು. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ತಾನು ಸೇರಿದ ಗುಂಪಿನ ತಪ್ಪು ತನ್ನದೆಂಬಂತೆ ಮನುಷ್ಯನಿಗೆ ತೋರುವುದು ಸಹಜ. ಎರಡನೆಯದು, ನೋವಿನ ಅಳತೆಯು ತಪ್ಪಿನ ಅಳತೆಯಾಗಲಾರದು. ಹೆಚ್ಚು ನೊಂದವನು ಹೆಚ್ಚು ತಪ್ಪು ಮಾಡಿದವನಲ್ಲ. ನೋಯದವನು ನಿರ್ದೋಷಿಯೂ ಅಲ್ಲ.

ಗಣಿಯ ಮನೆಯಲ್ಲಿ ಹುಟ್ಟಿದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಅವನ ತಾತ ನೆಲದಡಿಯಲ್ಲಿ ಬಂಡೆ ಕೊರೆದವರು. ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ ಕಾಲವಾದವರು. ಅವರ ಸಂಬಳದಿಂದ ತಂದೆ ಓದಿದರು. ತಂದೆಯ ದುಡಿಮೆಯಿಂದ ಇವನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. "ತಾತನ ಉಸಿರನ್ನು ತೆತ್ತು ನನಗೆ ಈ ಓದು ಬಂತು" ಎಂಬ ಯೋಚನೆ ಅವನನ್ನು ಕಾಡುತ್ತದೆ. ಹಬ್ಬದ ದಿನ ಹೊಸ ಬಟ್ಟೆ ತೊಟ್ಟರೂ ಸಂತೋಷವಾಗದು. ಮಹಾಯುದ್ಧದ ಕಾಲದ ಸೆರೆಶಿಬಿರಗಳಿಂದ ಬದುಕಿ ಬಂದವರಲ್ಲಿ ಇಂಥ ನೋವನ್ನು ವೈದ್ಯರು ೧೯೬೦ರ ದಶಕದಲ್ಲಿ ವಿವರಿಸಿದರು. ಸತ್ತವರ ಸಾವಿಗೆ ಅವರು ಕಾರಣರಲ್ಲ. ಬದುಕಿದ್ದುದೇ ಅವರಿಗೆ ತಪ್ಪಾಗಿ ತೋರುತ್ತಿತ್ತು. ನಮ್ಮ ವಿದ್ಯಾರ್ಥಿಯ ನೋವು ಅಷ್ಟು ತೀವ್ರವಲ್ಲದಿದ್ದರೂ ಅದೇ ಜಾತಿಯದು. ಅದಕ್ಕೆ ಅಪರಾಧಭಾವವೆಂಬ ಹೆಸರು ಸಲ್ಲದು. ತಾತನನ್ನು ನೋಯಿಸಿದುದು ಅವನ ಮೊಮ್ಮಗನಲ್ಲ, ತಡೆಯಿಲ್ಲದೆ ಎದ್ದ ಧೂಳು. ಮೊಮ್ಮಗನಲ್ಲಿರುವುದು ಕೃತಜ್ಞತೆ ಮತ್ತು ದುಃಖ. ಹೆಸರನ್ನು ಸರಿಯಾಗಿ ಇಟ್ಟರೆ ಭಾರವು ಪೂರ್ತಿ ಇಳಿಯದಿದ್ದರೂ ಹೊರುವ ಬಗೆ ತಿಳಿಯುತ್ತದೆ.

ಸಾಲದ ಹೋಲಿಕೆ

ತಪ್ಪಿಲ್ಲವೆಂದ ಮಾತ್ರಕ್ಕೆ ಹೊಣೆಯೂ ಇಲ್ಲವೆ? ಇಲ್ಲಿ ನಮ್ಮ ಹಳೆಯ ವ್ಯವಹಾರಶಾಸ್ತ್ರವು ಒಂದು ಒಳ್ಳೆಯ ಹೋಲಿಕೆಯನ್ನು ಕೊಡುತ್ತದೆ. ಮಿತಾಕ್ಷರ ಪದ್ಧತಿಯಲ್ಲಿ ತಂದೆಯ ಸಾಲವನ್ನು ತೀರಿಸುವುದು ಮಗನ, ಮೊಮ್ಮಗನ, ಮರಿಮಗನ ಧರ್ಮವೆಂದು ಎಣಿಸಲಾಗಿತ್ತು. ಆದರೆ ಕುಡಿತ, ಜೂಜು ಮುಂತಾದ ದುರಾಚಾರಕ್ಕಾಗಿ ಮಾಡಿದ ಸಾಲಕ್ಕೆ ಮಗನು ಬಾಧ್ಯನಲ್ಲವೆಂಬ ವಿನಾಯಿತಿಯೂ ಇತ್ತು. ೨೦೦೫ರ ತಿದ್ದುಪಡಿಯು ಮಗನೆಂಬ ಕಾರಣಕ್ಕೇ ಬರುತ್ತಿದ್ದ ಈ ಬಾಧ್ಯತೆಯನ್ನು ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ಇಂದಿನ ಸಾಮಾನ್ಯ ನಿಯಮವೆಂದರೆ, ವಾರಸುದಾರನು ತನಗೆ ಬಂದ ಆಸ್ತಿಯ ಮಟ್ಟಿಗೆ ಸತ್ತವನ ಸಾಲಕ್ಕೆ ಬಾಧ್ಯನು.

ಈ ನಿಯಮದಲ್ಲಿರುವ ವಿವೇಕವನ್ನು ನೋಡಿರಿ. ಸಾಲ ಮಾಡಿದವನು ತಾನಲ್ಲವಾದುದರಿಂದ ವಾರಸುದಾರನನ್ನು ಯಾರೂ ದೂಷಿಸುವುದಿಲ್ಲ. ಆದರೆ ಮನೆಯನ್ನೂ ಹೊಲವನ್ನೂ ಇಟ್ಟುಕೊಂಡು, "ಸಾಲ ಮಾತ್ರ ಅಪ್ಪನದು" ಎಂದರೆ ಯಾರೂ ಒಪ್ಪುವುದಿಲ್ಲ. ಬಂದ ಫಲಕ್ಕೆ ತಕ್ಕಷ್ಟು ಋಣವು ಜೊತೆಯಲ್ಲೇ ಬರುತ್ತದೆ. ಅಪರಾಧವು ಪಿತ್ರಾರ್ಜಿತವಲ್ಲ, ಋಣವು ಆಗಬಲ್ಲದು.

ಎರಡನೆಯ ಮಹಾಯುದ್ಧವು ಮುಗಿದ ಹೊಸತರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸನು ತನ್ನ ದೇಶದ ಜನರ ಮುಂದೆ ಇದೇ ಬಗೆಯ ವಿಂಗಡಣೆಯನ್ನು ಇಟ್ಟನು. ೧೯೪೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಕಾನೂನಿನ ಅಪರಾಧ, ರಾಜಕೀಯ ಹೊಣೆ, ನೈತಿಕ ತಪ್ಪು, ಇವೆಲ್ಲಕ್ಕೂ ಆಚೆಗಿನ ಮಾನವಸಹಜ ಹೊಣೆ ಎಂದು ನಾಲ್ಕನ್ನು ಬೇರೆಮಾಡಿದನು. ಅಪರಾಧವು ಅದನ್ನು ಮಾಡಿದ ವ್ಯಕ್ತಿಯದು. ಆದರೆ ಒಂದು ರಾಜ್ಯವು ಮಾಡಿದುದರ ಪರಿಣಾಮವನ್ನು ಹೊರುವ ಹೊಣೆ ಅದರ ಪ್ರಜೆಗಳೆಲ್ಲರದು. ಕೋಲಾರದ ಗಣಿಗಳು ೧೯೫೬ರಿಂದ ಸಾರ್ವಜನಿಕ ಸ್ವತ್ತಾಗಿದ್ದುವಷ್ಟೆ. ಆದುದರಿಂದ ಬಂಗಾರಪೇಟೆಯವರು ಮಾತ್ರವಲ್ಲ, ಬೀದರಿನಲ್ಲಿಯೂ ದೆಹಲಿಯಲ್ಲಿಯೂ ಇರುವ ಪ್ರಜೆಗಳು ಈ ಗುಡ್ಡಗಳ ಒಡೆಯರ ಪೈಕಿ. ಹತ್ತಿರವಿದ್ದವರು ಧೂಳನ್ನು ಉಸಿರಾಡುತ್ತಾರೆಂಬ ಕಾರಣದಿಂದ ಹೊಣೆಯ ಹೆಚ್ಚಿನ ಪಾಲನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಒಂದು ಆಕ್ಷೇಪಣೆ

"ಮಾಡದವರು ಹೊಣೆ ಹೊತ್ತರೆ ಮಾಡಿದವರು ಪಾರಾಗುವುದಿಲ್ಲವೆ?" ಎಂದು ವಾಚಕರು ಕೇಳಬಹುದು. ಆಕ್ಷೇಪಣೆಯಲ್ಲಿ ಬಲವಿದೆ. ಎಲ್ಲರೂ ತಪ್ಪಿತಸ್ಥರೆಂದು ಎದೆ ಬಡಿದುಕೊಂಡರೆ ನಿಜವಾದ ತಪ್ಪಿತಸ್ಥನು ಆ ಗುಂಪಿನಲ್ಲಿ ಮರೆಯಾಗುತ್ತಾನೆಂದು ಹನ್ನಾ ಅರೆಂಟ್ ಎಂಬ ಚಿಂತಕಿ ಎಚ್ಚರಿಸಿದ್ದಾಳೆ. ಸುಳ್ಳು ಅಪರಾಧಭಾವದ ದೊಡ್ಡ ಕೆಡಕು ಇದೇ. ಅದು ಕೇವಲ ನಿರಪರಾಧಿಯನ್ನು ನೋಯಿಸುವುದಿಲ್ಲ, ಅಪರಾಧಿಯನ್ನು ಕಾಪಾಡುತ್ತದೆ.

ಅದಕ್ಕಾಗಿಯೇ ಕೆಡಿಸಿದವನೇ ತೆರಬೇಕೆಂಬ ತತ್ತ್ವವು ಕಾನೂನಿನಲ್ಲಿ ನೆಲೆಗೊಂಡಿದೆ. ೧೯೯೬ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಮೊಕದ್ದಮೆಯಲ್ಲಿ, ವಿಷದ ಕಸವನ್ನು ಚೆಲ್ಲಿದ ಕಾರ್ಖಾನೆಗಳೇ ನೆಲವನ್ನು ಶುದ್ಧಿಮಾಡುವ ಖರ್ಚನ್ನು ಹೊರಬೇಕೆಂದು ತೀರ್ಪು ಕೊಟ್ಟಿತು. ಅದೇ ವರ್ಷ ವೆಲ್ಲೂರಿನ ಕಡೆಯ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಆ ತತ್ತ್ವವನ್ನು ದೇಶದ ಕಾನೂನಿನ ಭಾಗವೆಂದೇ ಸಾರಿತು. ಅಲ್ಲಿ ಕೆಟ್ಟಿದ್ದ ನದಿ ಪಾಲಾರ್. ಚಿನ್ನದ ಗಣಿಗಳ ಊರಿಗೆ ಬಹುಕಾಲ ಕುಡಿಯುವ ನೀರನ್ನು ಒದಗಿಸಿದ ಬೇತಮಂಗಲದ ಕೆರೆಯೂ ಅದೇ ನದಿಯದು.

ಕೆಡಿಸಿದವನು ಇಲ್ಲವಾದಾಗ, ಅಥವಾ ತೆರಲಾರದೆ ಹೋದಾಗ ಏನು ಮಾಡಬೇಕು? ಒಂದು ಮನೆಗೆ ಬೆಂಕಿ ಹತ್ತಿತೆನ್ನೋಣ. ನೆರೆಯವರು ಕೊಡ ಹಿಡಿದು ಓಡಿಬಂದರೆ, ಬೆಂಕಿ ಇಟ್ಟವರು ತಾವೆಂದು ಅವರು ಒಪ್ಪಿಕೊಂಡಂತಾಗುವುದಿಲ್ಲ; ಇಟ್ಟವನನ್ನು ಬಿಟ್ಟುಬಿಟ್ಟಂತೆಯೂ ಆಗುವುದಿಲ್ಲ. ಆರಿಸುವುದೊಂದು ಕೆಲಸ, ವಿಚಾರಣೆ ಇನ್ನೊಂದು ಕೆಲಸ. ಎರಡೂ ನಡೆಯಬೇಕು. ಒಂದು ಮುಗಿಯಲಿ ಎಂದು ಇನ್ನೊಂದನ್ನು ನಿಲ್ಲಿಸಿದರೆ ಮನೆ ಉಳಿಯದು.

ನಾಲ್ಕು ಪ್ರಶ್ನೆಗಳು

ಪರರು ತಂದ ಕಷ್ಟಕ್ಕಾಗಿ ಮನಸ್ಸು ನೊಂದಾಗ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬಹುದು. ಇದನ್ನು ನಾನು ಮಾಡಿದೆನೆ? ನಾನು ತಡೆಯಬಹುದಾಗಿತ್ತೆ? ಇದರಿಂದ ನನಗೆ ಫಲ ಬಂದಿದೆಯೆ? ಈಗ ಇದನ್ನು ಹಗುರ ಮಾಡಲು ನನ್ನಿಂದಾಗುವುದೆ?

ಮೊದಲಿನ ಎರಡು ಪ್ರಶ್ನೆಗಳು ಅಪರಾಧಕ್ಕೆ ಸಂಬಂಧಿಸಿದವು. ಎರಡಕ್ಕೂ ಪ್ರಾಮಾಣಿಕವಾಗಿ "ಇಲ್ಲ" ಎಂದು ಹೇಳಬಲ್ಲವನು ಅಪರಾಧಭಾವವನ್ನು ಇಳಿಸಿಡಬಹುದು, ಇಳಿಸಿಡಲೂ ಬೇಕು. ಮೂರನೆಯದು ಋಣಕ್ಕೂ ನಾಲ್ಕನೆಯದು ಕರ್ತವ್ಯಕ್ಕೂ ಸಂಬಂಧಿಸಿದವು. ಮೊಮ್ಮಗನಾದ ನಮ್ಮ ವಿದ್ಯಾರ್ಥಿಗೆ ಮೊದಲೆರಡರ ಉತ್ತರ "ಇಲ್ಲ"; ಮೂರನೆಯದಕ್ಕೆ "ಸ್ವಲ್ಪ", ಅದೂ ಅವನ ಮನೆಯವರೇ ತುಂಬ ಬೆಲೆ ತೆತ್ತು ಪಡೆದುದು. ನಾಲ್ಕನೆಯದಕ್ಕೆ, ಓದು ಮುಗಿಸಿದ ಮೇಲೆ, "ಆಗಬಹುದು". ಬೇರೆ ಊರಿನಲ್ಲಿ ಕುಳಿತು ಚಿನ್ನವನ್ನು ತೊಟ್ಟವರಿಗೂ, ಗಣಿಯ ದೆಸೆಯಿಂದ ಬಂದ ವಿದ್ಯುತ್ತಿನಿಂದ ಬೆಳೆದ ನಗರಕ್ಕೂ ಮೂರನೆಯ ಪ್ರಶ್ನೆಯು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ.

ನೋವೊಂದೇ ಕೆಲಸವನ್ನು ಮಾಡಿಸಲಾರದೆಂಬುದನ್ನೂ ಇಲ್ಲಿ ಹೇಳಬೇಕು. ೨೦೦೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರತಿ ಅಯ್ಯರ್ ಮತ್ತು ಸಂಗಡಿಗರು ಜನಾಂಗಭೇದದ ವಿಷಯವಾಗಿ ಬಿಳಿಯರ ಭಾವನೆಗಳನ್ನು ಪರಿಶೀಲಿಸಿದರು. ತಮ್ಮ ಬಗೆಗಿನ ಅಪರಾಧಭಾವವು ಪರಿಹಾರಧನದಂಥ ಕ್ರಮಗಳಿಗೆ ಮಾತ್ರ ಒಲವನ್ನು ತಂದರೆ, ನೊಂದವರ ಬಗೆಗಿನ ಅನುಕಂಪವು ಸಮಾನ ಅವಕಾಶವನ್ನು ಬೆಳೆಸುವ ಕ್ರಮಗಳಿಗೂ ಬೆಂಬಲವನ್ನು ತಂದಿತು. ತನ್ನನ್ನೇ ನೋಡಿಕೊಂಡು ಮರುಗುವವನಿಗೆ ಹಣ ಕೊಟ್ಟು ಭಾರ ಇಳಿಸಿಕೊಳ್ಳುವ ಆತುರ. ಎದುರಿಗಿರುವವನನ್ನು ನೋಡಿ ಮರುಗುವವನಿಗೆ ಆ ಮನುಷ್ಯನ ನಾಳೆಯ ಚಿಂತೆ.

ಗುಡ್ಡಗಳಿಗೆ ಏನು ಮಾಡಬಹುದು?

ಇನ್ನು ಕೆಲಸದ ಮಾತಿಗೆ ಬರೋಣ. ಧೂಳು ಏಳುವುದು ಒಣಗಿದ, ಬಯಲಾದ, ಕಡಿದಾದ ಮೈಯಿಂದ. ಆದುದರಿಂದ ಇಳಿಜಾರನ್ನು ತಗ್ಗಿಸುವುದು, ಮೇಲೆ ಜೇಡಿಯನ್ನೋ ಮಣ್ಣನ್ನೋ ಹೊದಿಸುವುದು, ಸುಣ್ಣ ಗೊಬ್ಬರಗಳನ್ನು ಬೆರೆಸಿ ಹುಲ್ಲನ್ನು ಹಿಡಿಸುವುದು, ಗಾಳಿಗೆ ಅಡ್ಡಲಾಗಿ ಮರಗಳ ಸಾಲನ್ನು ಬೆಳೆಸುವುದು, ಬುಡದಲ್ಲಿ ಚರಂಡಿ ತೋಡಿ ಮಳೆನೀರನ್ನು ತಡೆಯುವುದು ಮುಖ್ಯ ಉಪಾಯಗಳು. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದ ಸುತ್ತಲೂ ಇಂಥದೇ ಚಿನ್ನದ ಗಣಿಯ ಗುಡ್ಡಗಳಿವೆ. ಅಲ್ಲಿ ಹಲವು ಗುಡ್ಡಗಳ ಮೇಲೆ ಹುಲ್ಲನ್ನು ಬೆಳೆಸಿದ್ದಾರೆ. ೧೯೭೦ರ ದಶಕದಿಂದ ಕೆಲವನ್ನು ಮತ್ತೆ ಕರಗಿಸಿ ಉಳಿದ ಚಿನ್ನವನ್ನು ತೆಗೆದಿದ್ದಾರೆ.

ನಮ್ಮ ಗುಡ್ಡಗಳಲ್ಲಿಯೂ ಸ್ವಲ್ಪ ಚಿನ್ನ ಉಳಿದಿದೆ. ೨೦೨೪ರ ಜೂನ್ ತಿಂಗಳಲ್ಲಿ, ಸಾವಿರ ಎಕರೆಗೂ ಮಿಗಿಲಾದ ನೆಲದಲ್ಲಿ ಹರಡಿರುವ ಈ ಹದಿಮೂರು ರಾಶಿಗಳಿಂದ ಚಿನ್ನ ತೆಗೆಯುವ ಕೇಂದ್ರಸರ್ಕಾರದ ಯೋಜನೆಗೆ ಕರ್ನಾಟಕದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಇದರಲ್ಲಿ ಆಸೆಯೂ ಇದೆ, ಅಪಾಯವೂ ಇದೆ. ಒಂದು ಟನ್ ಪುಡಿಯಿಂದ ಎಷ್ಟೇ ಚಿನ್ನ ತೆಗೆದರೂ ಉಳಿಯುವ ಪುಡಿ ಹೆಚ್ಚುಕಡಮೆ ಒಂದು ಟನ್ನೇ. ಅಗೆಯುವಾಗ ಧೂಳು ಮತ್ತೆ ಏಳುತ್ತದೆ. ಉಳಿದುದನ್ನು ಎಲ್ಲಿ, ಹೇಗೆ ಮುಚ್ಚಿಡಬೇಕು, ಅದರ ಖರ್ಚನ್ನು ಯಾರು ಹೊರಬೇಕು ಎಂಬುದು ಮೊದಲ ಸಲಿಕೆ ಬೀಳುವ ಮುನ್ನವೇ ಬರೆಹದಲ್ಲಿ ಗೊತ್ತಾಗಬೇಕು. ಹಿಂದಿನವರು ಕೇಳದೆ ಬಿಟ್ಟ ಪ್ರಶ್ನೆಯಿದು. ಇದನ್ನು ನಾವೂ ಕೇಳದೆ ಬಿಟ್ಟರೆ ಮೇಲೆ ಹೇಳಿದ ಎರಡನೆಯ ಪ್ರಶ್ನೆಗೆ, "ತಡೆಯಬಹುದಾಗಿತ್ತೆ?" ಎಂಬುದಕ್ಕೆ, "ಇಲ್ಲ" ಎನ್ನುವ ಹಕ್ಕು ನಮಗೆ ಉಳಿಯುವುದಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದುದೂ ಕಡಿಮೆಯೇನಲ್ಲ. ಎಣ್ಣೆ ಸವರಿದ ಗಾಜಿನ ಹಲಗೆಗಳನ್ನು ಊರಿನ ಹಲವು ಕಡೆ ಒಂದೇ ಎತ್ತರದಲ್ಲಿ ಇಟ್ಟು, ವಾರಕ್ಕೊಮ್ಮೆ ಅಂಟಿದ ಧೂಳನ್ನು ಭೂತಗನ್ನಡಿಯಿಂದ ಎಣಿಸಿ ಬರೆದಿಟ್ಟರೆ, ಯಾವ ತಿಂಗಳಲ್ಲಿ ಯಾವ ದಿಕ್ಕಿನ ಗಾಳಿಗೆ ಯಾವ ಬಡಾವಣೆ ಹೆಚ್ಚು ನರಳುತ್ತದೆಂಬ ನಕ್ಷೆ ಸಿದ್ಧವಾಗುತ್ತದೆ. ಉಸಿರಿನಲ್ಲಿ ಒಳಕ್ಕೆ ಹೋಗುವ ಅತಿಸೂಕ್ಷ್ಮ ಕಣಗಳನ್ನು ಇದು ತೋರಿಸದು; ಅದಕ್ಕೆ ಬೇರೆ ಉಪಕರಣಗಳು ಬೇಕು. ಆದರೆ ಆ ಉಪಕರಣಗಳನ್ನು ಎಲ್ಲಿ ಇಡಬೇಕೆಂದು ಕೇಳಲು ಈ ನಕ್ಷೆ ಸಾಕು. "ನಮ್ಮ ಊರಿನ ಗಾಳಿ ಕೆಟ್ಟಿದೆ" ಎಂಬ ದೂರಿಗಿಂತ ವರ್ಷವಿಡೀ ಬರೆದಿಟ್ಟ ಅಂಕಿಗಳ ಒಂದು ಹಾಳೆಗೆ ಅಧಿಕಾರಿಗಳು ಉತ್ತರ ಹೇಳಲೇಬೇಕಾಗುತ್ತದೆ.

ಆದುದರಿಂದ ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿಷ್ಟು. ಪರರು ಮಾಡಿದ ತಪ್ಪಿಗಾಗಿ ಅಪರಾಧಿಗಳಂತೆ ತಲೆತಗ್ಗಿಸಬೇಕಾದುದಿಲ್ಲ. ತಪ್ಪಿತಸ್ಥರು ಬದುಕಿದ್ದರೆ ಅವರಿಂದ, ಸಂಸ್ಥೆಯಾಗಿ ಉಳಿದಿದ್ದರೆ ಅದರಿಂದ, ಲೆಕ್ಕವನ್ನು ಕೇಳಲೇಬೇಕು. ಆದರೆ ಅವರ ಕೆಲಸದ ಫಲವನ್ನು ಉಂಡಷ್ಟು ಮಟ್ಟಿಗೆ ಋಣವು ನಮ್ಮ ಮೇಲಿದೆ. ಕೈಯಲ್ಲಿ ಶಕ್ತಿ ಇರುವಷ್ಟು ಮಟ್ಟಿಗೆ ಕರ್ತವ್ಯವೂ ಇದೆ. ಬಂಗಾರಪೇಟೆಯ ಕಡೆಗೆ ಹೊರಡುವ ಬೆಳಗಿನ ರೈಲಿನಲ್ಲಿ ಕುಳಿತು ಪಾಠ ಓದುವ ಹುಡುಗ ಹುಡುಗಿಯರು ಈ ಗುಡ್ಡಗಳನ್ನು ಕಟ್ಟಲಿಲ್ಲ. ಇವುಗಳ ಮೇಲೆ ಹುಲ್ಲು ಬೆಳೆಯುವುದೋ ಇಲ್ಲವೋ ಎಂಬುದು ಮಾತ್ರ ಅವರ ಕಾಲದಲ್ಲಿ, ನಮ್ಮೆಲ್ಲರ ಕಾಲದಲ್ಲಿ, ತೀರ್ಮಾನವಾಗಬೇಕಾಗಿದೆ.